ಹತ್ತಿ ಮಿಲ್ಲಿನ ಬಾಕ್ಸಿಂಗ್ ಉಸ್ತಾದರು

ಉಸ್ತಾದರು ಬಲಗೈ ಮುಷ್ಟಿ ಬಿಗಿದರೆ ಮೂರೇ ಗೆಣ್ಣು ಎದ್ದು ಕಾಣುತ್ತಿದ್ದವು. ಕಿರುಬೆರಳಿನ ಗೆಣ್ಣು ಇರಬೇಕಾದಲ್ಲಿ ಒಂದು ತಗ್ಗು, ಹೆಬ್ಬೆರಳಿನ ತುದಿ ಸರಿಯಾಗಿ ಕೂರುವಷ್ಟು. ಯಾರಾದರೂ ಅದನ್ನೇ ನೋಡುತ್ತ ಕೂತರೆ ಅವರಾಗಿಯೇ ಹೇಳುತ್ತಿದ್ದರು: “ನಾಲ್ಕನೇದು ಸಿಕಂದರಾಬಾದಿನ್ಯಾಗ ಒಬ್ಬಾಂವನ ಹಣಿಮ್ಯಾಲ ಬಿಟ್ಟು ಬಂದೀನ್ರಿ. ಅಂವಗೇನೂ ಆಗಲಿಲ್ಲ.” ಹರೆಯದಲ್ಲಿ ದುಡ್ಡಿಗೆ ಬಾಕ್ಸಿಂಗ್ ಆಡುವವರ ಸಾಲಿಗೆ ಸೇರಬೇಕೆಂದು ಹೊರಟವರು. ಮೊದಲ ಆಟದಲ್ಲೇ ಕೈಮೂಳೆ ಮುರಿಯಿತು, ನೆಟ್ಟಗೆ ಕೂಡಿಕೊಳ್ಳಲಿಲ್ಲ. ಆಮೇಲೆ ಹೆಂಡತಿಯ ಊರಾದ ಸುರಪುರಕ್ಕೆ ಬಂದು ಹತ್ತಿ ಜಿನ್ನಿಂಗ್ ಮಿಲ್ಲಿನ ವಾಚ್‌ಮನ್ ಆದರು. ಮಿಲ್ಲು ಮುಚ್ಚಿತು, ವಾಚ್‌ಮನ್ ಮಾತ್ರ ಅಲ್ಲೇ ಉಳಿದರು.

ನನ್ನದು ಮೋಟಾರ್‌ಸೈಕಲ್ಲು, ಟ್ರ್ಯಾಕ್ಟರುಗಳ ಸೀಟಿಗೆ ಕವರು ಹೊಲಿಯುವ ಅಂಗಡಿ, ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ. ಒಂದು ದಿನ ಉಸ್ತಾದರು ಕೈಚೀಲದಿಂದ ಎರಡು ಜೊತೆ ಗ್ಲೌಸು ತೆಗೆದು ನನ್ನ ಮಿಷನ್ನಿನ ಮೇಲೆ ಇಟ್ಟರು. ಒಳಗಿನ ಅರಳೆಯೆಲ್ಲ ಹೊರಗೆ ಬಂದಿತ್ತು. ನಾನು ಟ್ರ್ಯಾಕ್ಟರ್ ಸೀಟಿನ ದಪ್ಪ ದಾರ ಹಾಕಿ, ಬಿಗಿಯಾಗಿ ಎರಡೆಳೆ ಹೊಲಿಗೆ ಬಿಟ್ಟು ಕೊಟ್ಟೆ. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ. ಅವರು ಹೊಲಿಗೆಯ ಮೇಲೆ ಬೆರಳಾಡಿಸಿ, ಅದನ್ನು ನನ್ನ ಕೆನ್ನೆಗೆ ಮೆಲ್ಲಗೆ ತಿಕ್ಕಿದರು.

“ಉರೀತೇನ್ರಿ?”

“ಸ್ವಲ್ಪ ಚುರುಚುರು ಅಂತದ.”

“ಹೊಲಿಗಿ ಒಳಗ ಹೋಗಬೇಕ್ರಿ. ಮ್ಯಾಲ ಬಂದ್ರ ಎದುರಿನಾಂವನ ಹುಬ್ಬು ಹರೀತದ. ಅಂವನೂ ಮನಿಗೆ ಹೋಗಿ ಕನ್ನಡಿ ನೋಡ್ಕೋಬೇಕಲ್ರಿ.”

ಬಿಚ್ಚಿ ಮತ್ತೆ ಹೊಲಿದೆ. ಎದುರಾಳಿಯ ಮುಖದ ಚಿಂತೆ ಮಾಡುವ ಜಟ್ಟಿಯನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ. ಅಂದಿನಿಂದ ಅವರು ದಿನಾ ಮಧ್ಯಾಹ್ನ ಅಂಗಡಿಗೆ ಬಂದು, ರೆಕ್ಸಿನ್ ಸುರುಳಿಯ ಮೇಲೆ ಕೂತು, ಒಂದು ಕಪ್ ಚಹಾ ಕುಡಿದು ಹೋಗುವುದು ರೂಢಿಯಾಯಿತು.

ಮಿಲ್ಲಿನ ಖಾಲಿ ಶೆಡ್ಡಿನಲ್ಲಿ ನಾಲ್ಕು ಜಾಲಿ ಕಂಬ ನೆಟ್ಟು, ಬಾವಿಯ ಹಗ್ಗ ಸುತ್ತಿ ಅವರು ರಿಂಗ್ ಮಾಡಿಕೊಂಡಿದ್ದರು. ಹೊಡೆಯಲು ತೂಗುಹಾಕಿದ ಚೀಲದಲ್ಲಿ ಹತ್ತಿಕಾಳು. ಊರ ಹುಡುಗರು ಬರುತ್ತಿದ್ದರು, ಎಂಟು ದಿನದಲ್ಲಿ ಬಿಡುತ್ತಿದ್ದರು. ಏಕೆಂದರೆ ಮೊದಲ ಎರಡು ತಿಂಗಳು ಉಸ್ತಾದರು ಯಾರಿಗೂ ಹೊಡೆಯಲು ಬಿಡುತ್ತಿರಲಿಲ್ಲ. ಬರೀ ನಿಲ್ಲಿಸುತ್ತಿದ್ದರು. ಪಾದ ಹೀಗೆ, ಗದ್ದ ಹೀಗೆ, ಮೊಣಕೈ ಪಕ್ಕೆಗೆ. “ಹೊಡ್ಯಾಕ ಕತ್ತಿಗೂ ಬರ್ತದ. ನಿಂದ್ರಾಕ ಕಲೀರಿ,” ಎನ್ನುತ್ತಿದ್ದರು. ಕತ್ತೆಯ ಹೆಸರೆತ್ತಿದ ಮರುದಿನ ಇನ್ನಿಬ್ಬರು ಬರುತ್ತಿರಲಿಲ್ಲ.

ಅವರ ದೊಡ್ಡ ಹುಚ್ಚೆಂದರೆ ಹಳೆಯ ಕಾಲದ ಬಾಕ್ಸಿಂಗ್ ಕಥೆಗಳು. ಅವರ ಅಜ್ಜ ನೂರು ವರ್ಷದ ಕೆಳಗೆ ಸಿಕಂದರಾಬಾದಿನ ಗೋರಾ ಪಲ್ಟಣಿನಲ್ಲಿ, ಬಿಳಿಯರ ದಂಡಿನಲ್ಲಿ, ನೀರು ಹೊರುವ ಭಿಸ್ತಿ. ಸೋಲ್ಜರುಗಳು ಪಂದ್ಯ ಇಟ್ಟುಕೊಂಡರೆ ರಿಂಗಿನ ಮೂಲೆಯಲ್ಲಿ ಬಕೀಟು ಹಿಡಿದು ನಿಲ್ಲುವುದು ಅಜ್ಜನ ಕೆಲಸ. ವಿಲಾಯತಿಯಲ್ಲೋ ಅಮೆರಿಕದಲ್ಲೋ ದೊಡ್ಡ ಆಟ ನಡೆದರೆ, ಯಾರು ಗೆದ್ದರೆಂದು ಟೆಲಿಗ್ರಾಂ ತಾರು ಬರುವತನಕ ಬ್ಯಾರಕಿನಲ್ಲಿ ಯಾರೂ ಊಟ ಮುಟ್ಟುತ್ತಿರಲಿಲ್ಲವಂತೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವರಿಗೆ ಇಳಿದು ಬಂದ ಆಸ್ತಿ ಅದೊಂದೇ.

“ಮೊದ್ಲ ಬರೇ ಕೈಲೆ ಹೊಡದಾಡ್ತಿದ್ರು, ಕದ್ದು. ಪೊಲೀಸರು ಬಂದ್ರ ಹಗ್ಗ ಸುತಗೊಂಡು ಓಡ್ತಿದ್ರು. ಆಮ್ಯಾಲ ಗ್ಲೌಸ್ ಬಂತು, ಮೂರು ಮಿನಿಟಿನ ರೌಂಡ್ ಬಂತು, ಟಿಕೀಟ್ ಬಂತು. ಟಿಕೀಟ್ ಬಂದ ಮ್ಯಾಲ ಪೊಲೀಸರೂ ಮುಂದಿನ ಕುರ್ಚಿಮ್ಯಾಲ ಬಂದು ಕುಂತ್ರು ನೋಡ್ರಿ.”

ಗಣಿಯಲ್ಲಿ ಕಲ್ಲಿದ್ದಲು ಅಗೆಯುವವರು, ಬಂದರಿನ ಹಮಾಲರು, ಹೊಟ್ಟೆಗಿಲ್ಲದೆ ಹಡಗು ಹತ್ತಿ ಬಂದವರು, ಇಂಥವರೇ ಆ ಆಟವನ್ನು ಬೆಳೆಸಿದರೆಂದು ಅವರು ಹೇಳುತ್ತಿದ್ದರು. ಹೊಡೆಸಿಕೊಳ್ಳುವವರು ಇವರು, ಕೋಟು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರು ಬೇರೆಯವರು. ಉಸ್ತಾದರಿಗೆ ಪ್ರಿಯವಾದ ಕಥೆ ಇನ್ನೊಂದಿತ್ತು. ಒಬ್ಬ ಕರಿಯ ಮನುಷ್ಯ ಜಗತ್ತಿಗೇ ಚಾಂಪಿಯನ್ ಆದನೆಂದು ತಾರು ಬಂದ ದಿನ ಬ್ಯಾರಕಿನಲ್ಲಿ ಒಬ್ಬರೂ ಮಾತಾಡಲಿಲ್ಲವಂತೆ. “ನಮ್ಮಜ್ಜ ಹಿತ್ತಲಕ್ಕ ಹೋಗಿ, ತೊಗಲಿನ ಚೀಲಕ್ಕ ನೀರು ತುಂಬ್ಕೋತ, ಒಬ್ಬನಽ ನಕ್ಕನಂತ್ರಿ,” ಎನ್ನುವಾಗ ಉಸ್ತಾದರೂ ಅಜ್ಜನ ಹಾಗೆಯೇ ಸದ್ದಿಲ್ಲದೆ ನಗುತ್ತಿದ್ದರು.

ಈ ಎರಡು ಮೂರು ಕಥೆ ನನಗೆ ನೆನಪಿವೆ, ಅಷ್ಟೆ. ಅವರು ನೂರಾರು ಹೇಳಿದ್ದಾರೆ. ನಾನು ಮಿಷನ್ ತುಳಿಯುತ್ತ ಹ್ಞೂಂಗುಡುತ್ತಿದ್ದೆ. ಗಿರಾಕಿ ಸಂಜೆಗೆ ಸೀಟು ಕೇಳಿರುತ್ತಾನೆ, ಇವರು ವಿಲಾಯತಿಯಲ್ಲಿ ಇರುತ್ತಾರೆ. “ಕೇಳಾಕತ್ತೀರೇನ್ರಿ?” ಎಂದು ನಡುವೆ ಕೇಳಿದರೆ, “ಕೇಳಾಕತ್ತೀನಿ, ಹೇಳ್ರಿ,” ಎಂದು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತೆಂದು ಕಾಣುತ್ತದೆ. ಆದರೂ ಹೇಳುತ್ತಿದ್ದರು.

ನಿಜವಾಗಿ ಕೇಳುತ್ತಿದ್ದವಳು ನಮ್ಮ ಅಣ್ಣನ ಮಗಳು ಭಾಗ್ಯ. ಆಗ ಪಿಯುಸಿ ಓದುತ್ತಿದ್ದಳು. ನನಗೆ ಊಟದ ಡಬ್ಬಿ ತರುವ ನೆಪದಲ್ಲಿ ಬಂದು, ಕೆನ್ನೆಗೆ ಕೈಯಾನಿಸಿ ಕೂರುತ್ತಿದ್ದಳು. ಒಂದು ದಿನ ಹೊಲಿದಿಟ್ಟ ಗ್ಲೌಸಿನೊಳಗೆ ಕೈ ಹಾಕಿ, “ಹೆಣ್ಣುಮಕ್ಕಳಿಗೂ ಕಲಸ್ತೀರೇನ್ರಿ?” ಎಂದಳು. ಉಸ್ತಾದರು ಅವಳ ಮುಖ ನೋಡಲಿಲ್ಲ, ಪಾದ ನೋಡಿದರು. “ಚಪ್ಲಿ ಬಿಟ್ಟು ನಿಂದ್ರವ್ವ,” ಎಂದರು.

ಮನೆಯಲ್ಲಿ ರಂಪವಾಯಿತು. “ಮೂಗು ಮುರಕೊಂಡ್ರ ಯಾರ್ ಮಾಡ್ಕೋತಾರ ಈಕಿನ್ನ?” ಎಂದು ಅಣ್ಣ ಎಗರಾಡಿದ. ಅತ್ತಿಗೆ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. “ಅವಳ ಮೂಗಿಗೆ ನಾ ಜವಾಬ್ದಾರ,” ಎಂದೆ ನಾನು. ಹಾಗೆ ಹೇಳಿದ್ದು ಧೈರ್ಯದಿಂದಲ್ಲ, ಅಣ್ಣನ ಎದುರು ಸೋಲಬಾರದೆಂಬ ಹಟದಿಂದ. ಆದರೆ ಹುಡುಗಿ ಅದನ್ನು ಬಹಳ ದೊಡ್ಡದಾಗಿ ತೆಗೆದುಕೊಂಡಳು. ಊರಿನಲ್ಲಿ ಯಾರು ಏನೆಂದರೂ “ನಮ್ಮ ಕಾಕಾ ಹೂಂ ಅಂದಾನ” ಎನ್ನುತ್ತಿದ್ದಳು.

ಮೂರು ವರ್ಷ ಕಲಿತಳು. ಉಸ್ತಾದರ ಶೆಡ್ಡಿಗೆ ಮೂರು ವರ್ಷ ಬಂದವರು ಅವಳೊಬ್ಬಳೇ. ಕೊನೆಗೆ ಯಾದಗಿರಿಯಲ್ಲಿ ವಿಭಾಗ ಮಟ್ಟದ ಆಯ್ಕೆ ಪಂದ್ಯ ಬಂತು. ಗೆದ್ದರೆ ರಾಜ್ಯ ತಂಡ. ಗೆದ್ದು ಬರದಿದ್ದರೆ ಮದುವೆಗೆ ಒಪ್ಪಬೇಕೆಂದು ಅಣ್ಣ ಮೊದಲೇ ಮಾತು ತೆಗೆದುಕೊಂಡಿದ್ದ. ಅವಳಿಗೆ ಇನ್ನೊಂದು ಪಂದ್ಯ ಇಲ್ಲ ಎನ್ನುವುದು ನಮ್ಮ ಮೂವರಿಗೂ ಗೊತ್ತಿತ್ತು.

ಮೂಲೆಯಲ್ಲಿ ಉಸ್ತಾದರ ಜೊತೆ ಇನ್ನೊಬ್ಬರು ಬೇಕಿತ್ತು. ನಾನು ಹೊರಟೆ. ಬಸ್ಸಿನಲ್ಲಿ ಅವರು ನನಗೆ ಪಾಠ ಹೇಳಿದರು: “ಸ್ಟೂಲ್ ಇಡೂದು, ನೀರು ಕೊಡೂದು, ಟವೆಲ್‌ಲೆ ಗಾಳಿ ಹಾಕೂದು, ಬಾಯಿ ಮುಚಗೊಂಡು ಕುಂದ್ರೂದು.” ಆ ನಾಲ್ಕನ್ನೂ ನಾನು ಎರಡು ರೌಂಡಿನ ತನಕ ತಪ್ಪಿಲ್ಲದೆ ಮಾಡಿದೆ. ಹುಡುಗಿಯ ಎಡಹುಬ್ಬಿನ ಮೇಲೆ ಸಣ್ಣದಾಗಿ ಚರ್ಮ ಒಡೆದಿತ್ತು. ಉಳಿದಂತೆ ಆಟವೆಲ್ಲ ಅವಳ ಕೈಯಲ್ಲೇ ಇತ್ತು.

ನಮ್ಮ ಕಡೆಯ ಮಣ್ಣಿನ ಕುಸ್ತಿ ನೋಡಿದವರಿಗೆ ಒಂದು ರೂಢಿ ಗೊತ್ತು. ನಮ್ಮ ಪೈಲ್ವಾನ ಎದುರಿನವನನ್ನು ಎತ್ತಿದನೆಂದರೆ, ಸುತ್ತ ಕೂತವರ ಕೈ ತಾನಾಗಿ ಹೆಗಲಿಗೆ ಹೋಗುತ್ತದೆ. ರುಮಾಲಿರಲಿ, ಟವೆಲ್ಲಿರಲಿ, ಎತ್ತಿ ಕಣದೊಳಗೆ ಒಗೆಯುತ್ತಾರೆ. ಗೆದ್ದವನು ಅದರಲ್ಲೊಂದನ್ನು ತಲೆಗೆ ಸುತ್ತಿಕೊಳ್ಳುತ್ತಾನೆ. ನಮ್ಮಪ್ಪ ಒಮ್ಮೆ ಹೊಸ ಶಲ್ಯ ಒಗೆದು ಬಂದು ಅವ್ವನಿಂದ ಬೈಸಿಕೊಂಡಿದ್ದ. ನಾನು ಬೆಳೆದದ್ದು ಆ ಕಣಗಳ ದಂಡೆಯಲ್ಲಿ.

ಮೂರನೆಯ ರೌಂಡಿನಲ್ಲಿ ಭಾಗ್ಯ ಎಡಗೈ ನೀಡಿ, ಹಿಂದೆಯೇ ಬಲಗೈ ಕೊಟ್ಟಳು. ಎದುರಿನ ಹುಡುಗಿ ತತ್ತರಿಸಿ ಹಗ್ಗಕ್ಕೆ ಹೋಗಿ ಬಿದ್ದಳು. ನನಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನು ಬೀಸಿ ಒಗೆದೆ. ಅದು ಹೋಗಿ ರೆಫರಿಯ ಕಾಲ ಬಳಿ ಬಿತ್ತು.

ರೆಫರಿ ಎರಡೂ ಕೈ ಬೀಸಿ ಆಟ ನಿಲ್ಲಿಸಿದ. ಭಾಗ್ಯ ನಮಗೆ ಬೆನ್ನು ಮಾಡಿ ನಿಂತಿದ್ದಳು, ಏನೂ ನೋಡಿರಲಿಲ್ಲ. ಗೆದ್ದೆನೆಂದುಕೊಂಡು ಎರಡೂ ಕೈ ಮೇಲೆತ್ತಿದಳು. ನಾನೂ ಎತ್ತಿದೆ. ರೆಫರಿ ಬಂದು ಎದುರಿನ ಹುಡುಗಿಯ ಕೈ ಎತ್ತಿದಾಗ ಉಸ್ತಾದರು ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು: “ಮೂಲಿಯಿಂದ ಟವೆಲ್ ಒಗದ್ರ ಸೋತ್ವಿ ಅಂತ ಅರ್ಥರಿ. ನಮ್ಮಜ್ಜನ ಕಾಲಕ್ಕ ಸ್ಪಂಜ್ ಒಗೀತಿದ್ರು, ಆಮ್ಯಾಲ ಟವೆಲ್ ಬಂತು. ಎಷ್ಟು ಸಲ ಹೇಳೀನಲ್ರಿ ಆ ಕಥಿ.”

ಹೇಳಿದ್ದರು. ನಾನು ಮಿಷನ್ ತುಳಿಯುತ್ತಿದ್ದೆ.

ಅವರು ತೀರ್ಪುಗಾರರ ಮೇಜಿನ ಹತ್ತಿರ ಹೋಗಿ, ತಪ್ಪಾಗಿ ಬಿದ್ದದ್ದೆಂದು ಕೈಮುಗಿದು ಕೇಳಿದರು. ಟವೆಲ್ ಬಿದ್ದ ಮೇಲೆ ಮುಗಿಯಿತು ಎಂದರು ಅಲ್ಲಿದ್ದವರು. ಭಾಗ್ಯ ರಿಂಗಿನಿಂದ ಇಳಿದು ಬಂದಳು. “ಟವೆಲ್ ಯಾರ್ ಒಗದ್ರು?” ಎಂದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಉಸ್ತಾದರು, “ನಾನಽ ಒಗದೆವ್ವ. ಹುಬ್ಬಿನ ರಕ್ತ ನೋಡಿ ನನಗ ತಡೀಲಿಲ್ಲ,” ಎಂದುಬಿಟ್ಟರು.

“ನಾ ಗೆಲ್ಲಾಕತ್ತಿದ್ದೆ.”

“ಹೌದವ್ವ.”

“ಮೂರು ವರ್ಷ ಕಲಿಸಿದ್ರಿ. ನಾ ನಿಂದರ್ತೀನಿ ಅಂತ ನಿಮಗಽ ನಂಬಿಕಿ ಇರಲಿಲ್ಲೇನ್ರಿ?”

ಅವಳು ಗ್ಲೌಸು ಬಿಚ್ಚಿ ಅವರ ಕಾಲ ಹತ್ತಿರ ಇಟ್ಟು ಹೊರಗೆ ಹೋದಳು. ನಾನು ಬಾಯಿ ಮುಚ್ಚಿಕೊಂಡೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಮರಳುವಾಗ ಬಸ್ಸು ಶಹಾಪುರದಲ್ಲಿ ಹತ್ತು ನಿಮಿಷ ನಿಂತಿತು. ಭಾಗ್ಯ ಇಳಿಯಲಿಲ್ಲ. ಚಹಾ ಅಂಗಡಿಯ ಮುಂದೆ ನಿಂತು ಉಸ್ತಾದರನ್ನು ಕೇಳಿದೆ, “ಯಾಕ್ರಿ ಹಂಗ ಹೇಳಿದ್ರಿ?”

“ಅಪ್ಪ ಬ್ಯಾಡಂದ, ಅವ್ವ ಬ್ಯಾಡಂದ್ಲು. ಕಾಕಾ ಹೂಂ ಅಂದಾನ ಅಂತ ಹುಡುಗಿ ಇಲ್ಲಿತನಕ ಬಂದದ. ಈ ಹೊತ್ತು ಕಾಕಾನೂ ಹೋದ್ರ ಆಕಿಗೆ ಮನ್ಯಾಗ ಯಾರದಾರ? ಉಸ್ತಾದ್ ಹೋದ್ರ ಹೋಗ್ಲಿ.” ಸಾಸರಿಗೆ ಚಹಾ ಸುರಿದುಕೊಂಡು ಆರಿಸಿದರು. “ಸಿಟ್ಟಿಳಿಯಲಿ. ಆಮ್ಯಾಲ ನೀವಽ ಹೇಳ್ರಿ.”

ಅಂದರೆ ಅವರು ನನಗೆ ಕೊಟ್ಟದ್ದು ನಾಲ್ಕು ದಿನದ ಗಡುವು. ನಾನು ಅದನ್ನು ಆರು ವರ್ಷ ಎಳೆದೆ.

ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿಯಿತು, ನಾರಾಯಣಪುರದ ನೀರಾವರಿ ಆಫೀಸಿನ ಹುಡುಗನ ಸಂಬಂಧ ಬಂತು, ಮದುವೆ ಮುಗಿಯಲಿ ಎಂದೆ. ಮದುವೆಗೆ ಉಸ್ತಾದರನ್ನು ಕರೆಯಬಾರದೆಂದು ಅವಳೇ ಹೇಳಿದಳು, ಆಗಲೂ ಹೇಳಲಿಲ್ಲ. ಮದುವೆಯಾದ ವರ್ಷ ಎಲ್ಲರೂ ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದೆವು. ಇಲ್ಲಿ ಹೇಳಿಯೇ ಬಿಡುತ್ತೇನೆಂದು ಗಟ್ಟಿಮನಸ್ಸು ಮಾಡಿದ್ದೆ. ಪ್ರಸಾದದ ಪಂಕ್ತಿಯಲ್ಲಿ ಅವಳು ನನ್ನ ಪಕ್ಕ ಕೂತು, ತನ್ನ ಎಲೆಯ ಹುಗ್ಗಿಯನ್ನು ನನ್ನ ಎಲೆಗೆ ಹಾಕುತ್ತ, “ನೀ ಒಬ್ಬಾಂವಽ ನೋಡು ಕಾಕಾ, ನನಗ ಮೋಸ ಮಾಡದಾಂವ,” ಎಂದಳು. ಹುಗ್ಗಿ ತಿಂದೆ.

ಉಸ್ತಾದರು ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಮೊದಮೊದಲು, “ಹೇಳಿದ್ರೇನ್ರಿ?” ಎಂದು ಕೇಳುತ್ತಿದ್ದರು. ನಾನು ಏನೋ ಒಂದು ನೆಪ ಹೇಳುತ್ತಿದ್ದೆ. ವರ್ಷ ಕಳೆದ ಮೇಲೆ ಆ ಪ್ರಶ್ನೆ ನಿಂತಿತು. “ಹುಡುಗಿ ಹ್ಯಾಂಗದಾಳ?” ಎಂದಷ್ಟೇ ಕೇಳುವರು. “ಆರಾಮದಾಳ್ರಿ.” “ಅಷ್ಟಾದ್ರ ಸಾಕು ಬಿಡ್ರಿ,” ಎಂದು ಚಹಾ ಮುಗಿಸಿ ಏಳುವರು. ಕಥೆ ಹೇಳುವುದನ್ನು ಬಿಟ್ಟಿದ್ದರು. ಒಮ್ಮೆ ನಾನೇ ಮಿಷನ್ ನಿಲ್ಲಿಸಿ, ಅಜ್ಜನ ಪಲ್ಟಣಿನ ಕಥೆ ಹೇಳಿ ಎಂದೆ. “ನಿಮಗೆಲ್ಲಾ ಹೇಳಿ ಮುಗದಾವಲ್ರಿ,” ಎಂದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಈ ವರ್ಷದ ಮಳೆಗಾಲದಲ್ಲಿ ಅವರ ಎದೆಗೆ ನೀರು ತುಂಬಿತು. ನೋಡಲು ಹೋದೆ. ಹೊದ್ದ ಚಾದರದ ಹೊರಗೆ ಕೈ ಇಟ್ಟುಕೊಂಡು ಮಲಗಿದ್ದರು. ಈ ಸಲ “ಹ್ಯಾಂಗದಾಳ” ಎನ್ನಲಿಲ್ಲ. “ಆಕಿ ಒಮ್ಮೆ ಬಂದು ಹೋದ್ರ ಚಲೋ ಇತ್ತು,” ಎಂದರು. ಇಷ್ಟು ವರ್ಷದಲ್ಲಿ ಅವರು ತಮಗಾಗಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ಹೊರಗೆ ಬಂದು ನಾರಾಯಣಪುರಕ್ಕೆ ಫೋನ್ ಹಚ್ಚಿದೆ. “ಉಸ್ತಾದರಿಗೆ ಭಾಳ ಆಗ್ಯಾದವ್ವ. ಬಂದು ಹೋಗು.”

“ಅವ್ರ ಸುದ್ದಿ ನನ್ನ ಮುಂದ ತಗೀಬ್ಯಾಡ ಕಾಕಾ.”

ಒಂದೇ ಮಾತು ಸಾಕಿತ್ತು. ಆ ಟವೆಲ್ ನಾ ಒಗದದ್ದು ಎಂದರೆ ಅವಳು ಮುಂದಿನ ಬಸ್ಸಿಗೇ ಹತ್ತುತ್ತಿದ್ದಳು. “ಆತವ್ವ,” ಎಂದು ಫೋನ್ ಇಟ್ಟೆ. ಒಳಗೆ ಹೋಗಿ, ಹುಡುಗಿಯ ಗಂಡನಿಗೆ ರಜೆ ಸಿಕ್ಕಿಲ್ಲವಂತೆ, ಮುಂದಿನ ವಾರ ಬರುತ್ತಾಳೆ ಎಂದು ಉಸ್ತಾದರಿಗೆ ಸುಳ್ಳು ಹೇಳಿದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಹೂಂ ಎಂದು ಕಣ್ಣು ಮುಚ್ಚಿದರು. ನಾಲ್ಕನೆಯ ದಿನ ಹೋದರು.

ಮಣ್ಣು ಕೊಟ್ಟು ಬಂದ ಮರುದಿನ ನಾನು ನಾರಾಯಣಪುರದ ಬಸ್ಸು ಹತ್ತಿದೆ. ಡ್ಯಾಮಿನ ಕೆಳಗಿನ ಕ್ವಾರ್ಟರ್ಸಿನಲ್ಲಿ ಭಾಗ್ಯ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲೇ ಕೂತು, ಒಗೆದದ್ದು, ಒಗೆದವನು, ಶಹಾಪುರದ ಚಹಾ ಅಂಗಡಿಯ ಮಾತು, ಫೋನು, ಎಲ್ಲ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿದಳು.

“ನಾ ಯಾಕ ಬರಲಿಲ್ಲ ಅಂತ ಅವ್ರಿಗೆ ಗೊತ್ತಿತ್ತೇನು?”

“ಗೊತ್ತಿತ್ತು.”

“ಗೊತ್ತಿದ್ದೂ ನಿನಗೇನೂ ಅನಲಿಲ್ಲ?”

“ಇಲ್ಲವ್ವ.”

ತಾಟು ತಂದು ನನ್ನ ಮುಂದಿಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಎಣ್ಣೆ. ನಮ್ಮಲ್ಲಿ ಬಂದವರನ್ನು ಹಸಿದು ಕಳಿಸುವುದಿಲ್ಲ. ನಾನು ತಿನ್ನುವ ತನಕ ಎದುರಿಗೆ ಕೂತಿದ್ದಳು, ಎರಡನೆಯ ರೊಟ್ಟಿಯನ್ನೂ ನೀಡಿದಳು. ಕೈ ತೊಳೆಯಲು ನೀರು ಹಾಕುತ್ತ ಹೇಳಿದಳು:

“ಇನ್ಮ್ಯಾಲ ನೀ ಫೋನ್ ಮಾಡಬ್ಯಾಡ ಕಾಕಾ. ಮಾಡೂದಿದ್ರ ನಾನಽ ಮಾಡ್ತೀನಿ.”

ಈಗ ಮಳೆಗಾಲ ಕಳೆದು ಹತ್ತಿ ಬಿಡಿಸುವ ದಿನ ಬಂದಿವೆ. ಅವಳು ಇನ್ನೂ ಮಾಡಿಲ್ಲ.