ಮೂರನೆಯವನಾಗಿ ಹೆಸರು ಕೂಗಿಸಿಕೊಂಡ ಥಿಯೋ

ಥಿಯೋಫಿಲ್ ಬ್ರೂಸಾರ್‌ನ ಹೆಸರು ಟೀವಿಯಲ್ಲಿ ಕೂಗಿದ ಸಂಜೆ ಲೂಸಿಯಾನಾದ ನಮ್ಮ ಕಬ್ಬಿನೂರಿನಲ್ಲಿ ಯಾರ ಮನೆಯಲ್ಲೂ ಒಲೆ ಉರಿಯಲಿಲ್ಲ. ಎಲ್ಲರೂ ಥಿಯೋನ ಮನೆಯ ಅಂಗಳದಲ್ಲೇ ಇದ್ದರು. ದೊಡ್ಡ ಪಾತ್ರೆಯಲ್ಲಿ ಸೀಗಡಿ ಹಾಕಿದ ಗಂಬೋ ಸಾರು ಕುದಿಯುತ್ತಿತ್ತು. ಪ್ರತಿ ವಸಂತದಲ್ಲೂ, ಚೆಂಡನ್ನು ಕೈಯಲ್ಲಿ ಎಸೆದಾಡುವ ನಮ್ಮ ದೇಶದ ಫುಟ್‌ಬಾಲಿನ ದೊಡ್ಡ ತಂಡಗಳು ಕಾಲೇಜು ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹೆಸರು ಬೇಗ ಬಂದಷ್ಟೂ ಆಸೆ ದೊಡ್ಡದು. ಥಿಯೋ ಮೊದಲ ಐವರಲ್ಲಿ ಬರುತ್ತಾನೆಂದು ದೇಶವೇ ಹೇಳುತ್ತಿತ್ತು.

ನಾನು ಅವನ ಚಿಕ್ಕಮ್ಮನ ಮಗ. ಅವನ ಅಕ್ಕ ಒಡೆಲಿಯಾ ಮತ್ತು ನಾನು, ಒಳಗೆ ಟೀವಿಯ ಮುಂದೆ ಅವನು ಕೂತಿದ್ದ ಸೋಫಾದ ಹಿಂದೆ ನಿಂತಿದ್ದೆವು. ಥಿಯೋ ತಿರುಗಿ ಮೆಲ್ಲಗೆ ಕೇಳಿದ: “ಅಕ್ಕಾ, ಇವತ್ತೇನು? ಇಷ್ಟು ಜನ ಯಾಕೆ ಬಂದಿದಾರೆ?”

ಒಡೆಲಿಯಾ ನಕ್ಕಳು. “ನಿನ್ನ ಮದುವೆ ಕಣೋ!”

ಅವನು ನಗಲಿಲ್ಲ. ಅವಳ ನಗುವೂ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಆರಿಸಿದ ತಂಡದಿಂದ ಫೋನು ಬಂತು, ಮೂರನೆಯ ಹೆಸರು ಅವನದೇ ಆಯಿತು, ಅಂಗಳವೆಲ್ಲ ಕುಣಿಯಿತು. ಕ್ಷೌರದಂಗಡಿಯ ಆಲ್ಸೀಡ್ ಮಾಮ ಮಾತ್ರ ಬಿಯರ್ ಹಿಡಿದು ಗೊಣಗಿದ: “ಮೊದಲಲ್ಲಿ ಬಂದೋರಲ್ಲಿ ಅರ್ಧಕ್ಕರ್ಧ ಜೊಳ್ಳು ಕಣ್ರಪ್ಪಾ. ಎತ್ತರಕ್ಕೆ ಎತ್ತಿದಷ್ಟೂ ಬೀಳೋ ಸದ್ದು ಜೋರು.”

“ಬಾಯಿ ತೊಳ್ಕೊಂಡು ಬಾ ಹೋಗು,” ಎಂದು ನನ್ನಮ್ಮ ಗದರಿದಳು.

ಚಿಕ್ಕಂದಿನಲ್ಲಿ ಥಿಯೋ ಕಬ್ಬಿನ ತುಂಡನ್ನು ಹೊಳೆಯಾಚೆ ನಿಂತ ನನ್ನ ಕೈಗೇ ಬೀಳುವಂತೆ ಎಸೆಯುತ್ತಿದ್ದ. ಆ ಕೈಯೇ ಅವನನ್ನು ಕ್ವಾರ್ಟರ್‌ಬ್ಯಾಕ್ ಮಾಡಿತು: ಆಟ ಹೂಡುವವನು, ಚೆಂಡು ಎಸೆಯುವವನು. ಕಾಲೇಜಿನ ಕೊನೆಯ ವರ್ಷ ಎದುರಾಳಿಯೊಬ್ಬ ಹಿಂದಿನಿಂದ ಗುದ್ದಿದಾಗ ಅವನ ತಲೆ ನೆಲಕ್ಕೆ ಅಪ್ಪಳಿಸಿತ್ತು. ಸ್ವಲ್ಪ ಹೊತ್ತು ಮಲಗಿದ್ದು, ಎದ್ದು, ಕೈಬೀಸಿದ. ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಅದು ಮುಗಿಯಿತೆಂದುಕೊಂಡೆವು.

ಅವನನ್ನು ಆರಿಸಿದ ತಂಡದ ಊರು, ಉತ್ತರದ ಒಂದು ನಗರ, ಅವನನ್ನು ಹೊತ್ತು ಮೆರೆಸಿತು. ಆದರೆ ಅಲ್ಲಿ ಪ್ರತಿ ಸಲ ಆಟ ಹೂಡುವ ಮೊದಲು ತರಬೇತುದಾರ ಶಿರಸ್ತ್ರಾಣದೊಳಗಿನ ರೇಡಿಯೋದಲ್ಲಿ ಹೇಳುವ ಉದ್ದನೆಯ ಸಂಕೇತವನ್ನು ಅವನು ಉಳಿದ ಹತ್ತು ಮಂದಿಗೆ ಒಪ್ಪಿಸಬೇಕು. ಥಿಯೋ ನಡುವೆ ತಡವರಿಸುತ್ತಿದ್ದ. ಸೋಲು ಸೋಲಿನ ಮೇಲೆ ಬಂತು. ಸೋಮಾರಿ, ಓದದವನು, ಬೆಟ್ಟ ಅಗೆದು ಹಿಡಿದ ಇಲಿ ಎಂದೆಲ್ಲ ಟೀವಿಯವರು ಆಡಿಕೊಂಡರು.

ಚಳಿಗಾಲದಲ್ಲಿ ಒಡೆಲಿಯಾ ನೋಡಲು ಹೋದಳು. ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಖಾಲಿ ಬಾಣಲೆ ಕೆಂಪಗೆ ಕಾದಿತ್ತು. ಥಿಯೋ ಪಕ್ಕದಲ್ಲೇ ಕೂತು ಕಿಟಕಿಯ ಹಿಮ ನೋಡುತ್ತಿದ್ದ.

“ಯಾವಾಗಿಂದ ಹೀಗೆ?” ಎಂದು ಒಲೆ ಆರಿಸುತ್ತ ಕೇಳಿದಳು.

“ಯಾರಿಗೂ ಹೇಳ್ಬೇಡ ಕಣೇ ಅಕ್ಕಾ. ಆರಿಸಿದೋರಿಗೆ ಏನಂತ ಮುಖ ತೋರಿಸ್ಲಿ?”

“ಅವರು ಆರಿಸಿದ್ದು ನಿನ್ನ ಕೈನ ಕಣೋ. ತಲೆ ನಮ್ದು. ನಡಿ ಮನೆಗೆ.”

“ಇನ್ನೊಂದು ವರ್ಷ. ಈ ಕೆಟ್ಟ ಹೆಸರೊಂದು ತೊಳ್ಕೊಂಡು ಬರ್ತೀನಿ.”

ಅವಳು ಬೈದಳು, ಅತ್ತಳು, ಒಬ್ಬಳೇ ಹಿಂದಿರುಗಿದಳು.

ಮುಂದಿನ ಶರತ್ಕಾಲದ ಆಟವನ್ನು ನಾವು ಆಲ್ಸೀಡ್ ಮಾಮನ ಅಂಗಡಿಯಲ್ಲಿ ನೋಡುತ್ತಿದ್ದೆವು. ಥಿಯೋಗೆ ಪೆಟ್ಟು ಬಿತ್ತು, ಎದ್ದ, ನೆಟ್ಟಗೆ ನಡೆದು ಎದುರಾಳಿಗಳ ಗುಂಪಿನೊಳಗೆ ಹೋಗಿ ನಿಂತು, ಅವರೇ ತನ್ನ ತಂಡದವರೆಂಬಂತೆ ಮಾತಾಡತೊಡಗಿದ. ಕ್ರೀಡಾಂಗಣ ಗೊಳ್ಳೆಂದಿತು. ಅಂಗಡಿಯಲ್ಲೂ ಯಾರೋ ನಕ್ಕರು. ಅವನು ಅಲ್ಲೇ ನಿಂತಿದ್ದ. ಆಗ ನಗು ಒಂದೊಂದು ಮೂಲೆಯಿಂದ ಅಡಗುತ್ತ ಬಂತು. ಕೊನೆಗೆ ಎದುರಾಳಿ ತಂಡದ ದೈತ್ಯನೊಬ್ಬ ತನ್ನ ಶಿರಸ್ತ್ರಾಣ ತೆಗೆದು, ಅಜ್ಜನನ್ನು ರಸ್ತೆ ದಾಟಿಸುವವನ ಹಾಗೆ ಥಿಯೋನ ಮೊಣಕೈ ಹಿಡಿದು ವೈದ್ಯರತ್ತ ಕರೆತಂದ. ಆಲ್ಸೀಡ್ ಮಾಮ ಟೀವಿ ಆರಿಸಿಬಿಟ್ಟ.

ಥಿಯೋ ಮತ್ತೆ ಆಡಲಿಲ್ಲ. ಈಗ ಊರಿನಲ್ಲೇ ಅಕ್ಕನ ಜೊತೆ ಕಿತ್ತಳೆ ಗಿಡಗಳಿಗೆ ನೀರು ಬಿಡುತ್ತಾನೆ. ಇನ್ನೂ ಮೂವತ್ತು ತುಂಬಿಲ್ಲ. ಒಳ್ಳೆಯ ದಿನಗಳಲ್ಲಿ ಅಂಗಡಿಗೆ ಬಂದು ನಮ್ಮೆಲ್ಲರ ಕಾಲೆಳೆಯುತ್ತಾನೆ. ಅಂಥ ದಿನಗಳು ಕಡಿಮೆಯಾಗುತ್ತಿವೆ.

ಮೊನ್ನೆ ಕಟಾವಿಗೆ ಮುಂಚೆ ಒಣ ಸೋಗೆ ಸುಡಲೆಂದು ಕಬ್ಬಿನ ಗದ್ದೆಗೆ ಬೆಂಕಿಯಿಟ್ಟ ದಿನ ಅವನು ಕಾಣೆಯಾದ. ಊರೆಲ್ಲ ಕೂಗುತ್ತ ಓಡಿದೆವು. ಹೊಗೆಯ ನಡುವೆ, ಉರಿಯುವ ಸಾಲಿಗೆ ಬಹಳ ಹತ್ತಿರ, ಶಾಂತವಾಗಿ ನಿಂತಿದ್ದ. ನಾನು ತೋಳು ಹಿಡಿದು ಎಳೆದೆ. ಮರ್ಯಾದೆಯಿಂದಲೇ ಕೇಳಿದ:

“ತಾವು ಯಾರ ಮಗ?”

ಹೇಳಿದೆ. ಅವನು ತಲೆಯಾಡಿಸಿ, ಹೊಸಬರಿಗೆ ಮಾಡುವಂತೆ ನನ್ನ ಕೈ ಕುಲುಕಿದ. ಹಿಡಿತ ಇನ್ನೂ ಅಷ್ಟೇ ಗಟ್ಟಿಯಾಗಿತ್ತು.

ಅಂದಿನಿಂದ ಒಡೆಲಿಯಾ ತನ್ನ ಮಂಚವನ್ನು ಮುಂಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡಿದ್ದಾಳೆ.