ಶೆಡ್ಡಿನ ಹೆಂಗಸರು ಕುಡಿಯದ ನೀರು

ಕಮಲಾಪುರದ ಪಖಾಲಿಯವರ ಮನೆತನಕ್ಕೆ ಹಿರಿಯ ಬಡೇಸಾಹೇಬ. ನಿಜಾಮರ ಕಾಲದಲ್ಲಿ ಕೋಣದ ಮೇಲೆ ತೊಗಲಿನ ನೀರಿನ ಚೀಲ ಹೇರಿಕೊಂಡು ಸಂತೆ ಬೀದಿಯ ಧೂಳು ಅಡಗಿಸಿದವನು. ಆ ಚೀಲವೇ ಪಖಾಲಿ. ಮನೆತನಕ್ಕೂ ಅದೇ ಹೆಸರು ಅಂಟಿತು. ಅವನ ಮಗ ಲಾಲಸಾಹೇಬ, ಊರಿಗೆ ಕಾಲರಾ ಬಡಿದಾಗ ನೆಂಟರೇ ಹೊಸ್ತಿಲು ತುಳಿಯದ ಮನೆಗಳಿಗೆ ಕೊಡ ಹೊತ್ತು ನಡೆದ ಗಂಡು. ಲಾಲಸಾಹೇಬನ ಮಗ ಮದಾರಸಾಹೇಬ, ಬಾವಿಯ ತಳ ಕಂಡ ಒಂದು ಬೇಸಿಗೆಯಲ್ಲಿ ಊರಿನ ರೈತ ದೌಲಪ್ಪನ ಕೆಂಪು ಬಾಳೆಯ ತೋಟಕ್ಕೆ ಹಳ್ಳದಿಂದ ನೀರು ಹೊತ್ತು, ಒಂದು ಗಿಡವೂ ಬಾಡದಂತೆ ಕಾಯ್ದವನು. ಈ ಮದಾರಸಾಹೇಬನ ಮಗನೇ ಚಾಂದಪಾಶಾ.

ಗಡ್ಡ ಬೆಳ್ಳಗಾದರೂ ಚಾಂದಪಾಶಾ ದಿನಾ ಕಮಲಾಪುರದಿಂದ ಬಸ್ಸು ಹಿಡಿದು ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ಬರುತ್ತಾನೆ. ಅಲ್ಲಿಯೂ ಅವನಿಗೆ ನೀರಿನದೇ ಕೆಲಸ. ಟ್ಯಾಂಕಿನಿಂದ ಕೊಡ ಹೊತ್ತು ತಂದು ಹಮಾಲರ ಕಟ್ಟೆಯ ಮಣ್ಣಿನ ಹರವಿಗಳನ್ನೂ, ತೊಗರಿಬೇಳೆ ಹಸನು ಮಾಡುವ ಹೆಂಗಸರ ಶೆಡ್ಡಿನ ಹರವಿಗಳನ್ನೂ ತುಂಬಿಸಬೇಕು. ಬಿಸಿಲು ಕಲ್ಲನ್ನೂ ಹುರಿಯುವ ಹೊತ್ತಿನಲ್ಲಿ ಹಮಾಲರು ಅವನ ನೀರು ಗಟಗಟ ಕುಡಿದು ‘ಹಾ’ ಎಂದು ಬಾಯೊರೆಸಿಕೊಂಡರೆ ಅವನಿಗೆ ಅರ್ಧ ಪಗಾರ ಸಿಕ್ಕಷ್ಟು ಸಂತೋಷ. ಹೆಂಗಸರ ಶೆಡ್ಡಿನ ಹರವಿಗಳು ಮಾತ್ರ ಬೆಳಿಗ್ಗೆ ತುಂಬಿದ್ದು ಸಂಜೆಗೂ ಹೆಚ್ಚುಕಡಿಮೆ ಹಾಗೇ ಇರುತ್ತಿದ್ದವು, ಆ ನೀರನ್ನು ಅವನು ಚೆಲ್ಲಿ ಮನೆಗೆ ಹೋಗುತ್ತಿದ್ದ. ಅದನ್ನು ಅವನು ಬಹಳ ದಿನ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಹಚ್ಚಿಕೊಳ್ಳುವಂತೆ ಮಾಡಿದ್ದು ಖೂಬಾ ಪ್ಲಾಟ್ ಬಡಾವಣೆಯಲ್ಲಿರುವ ಮಿಲ್ಲಿನ ಆಫೀಸು. ಸಂಬಳ ಕೊಟ್ಟರಷ್ಟೇ ಸಾಲದು, ದುಡಿಯುವವರ ಮೈಮನಸ್ಸನ್ನೂ ನೋಡಿಕೊಳ್ಳಬೇಕೆಂಬ ಹೊಸ ಗಾಳಿ ದೊಡ್ಡ ಕಂಪನಿಗಳಿಂದ ಬೀಸುತ್ತ ಇಲ್ಲಿಗೂ ಬಂತು. ‘ವೆಲ್‌ನೆಸ್’ ಎಂದು ಅದಕ್ಕೆ ಹೆಸರು. ಅದನ್ನು ನಡೆಸಲು ಸೃಷ್ಟಿ ಎಂಬ ಹುಡುಗಿಯನ್ನು ನೇಮಿಸಿದರು. ಸೋಮವಾರ ಯೋಗ, ಮನಸ್ಸು ಭಾರವಾದರೆ ಫೋನಿನಲ್ಲಿ ಮಾತಾಡಲು ಒಬ್ಬ ಡಾಕ್ಟರಮ್ಮ, ತಾಸಿಗೊಮ್ಮೆ ‘ನೀರು ಕುಡಿಯಿರಿ’ ಎಂದು ಕೂಗುವ ಮೊಬೈಲು.

“ದಿನಾ ಚೀಲ ಹೊತ್ತು ಬಗ್ಗತೀವಿ, ಏಳ್ತೀವಿ. ಅದು ಯೋಗ ಅಲ್ಲೇನ್ರೀ ಮೇಡಂ?” ಎಂದು ಹಮಾಲ ಮೌನೇಶ ಕಿಚಾಯಿಸಿದ.

“ಯೋಗದಾಗ ಚೀಲ ಇಳಿಸಿ ಉಸಿರ ಬಿಡ್ತಾರಣ್ಣ. ನೀ ಅದೊಂದು ಕಲಿ ಸಾಕು,” ಎಂದಳು ಸೃಷ್ಟಿ. ಹಮಾಲರೆಲ್ಲ ನಕ್ಕರು, ಹುಡುಗಿ ಅವರಿಗೆ ಹಿಡಿಸಿದಳು.

ಆಮೇಲೆ ಆರೋಗ್ಯ ತಪಾಸಣೆ ನಡೆಯಿತು. ಶೆಡ್ಡಿನ ಹೆಂಗಸರಲ್ಲಿ ಬಹಳ ಮಂದಿಗೆ ಉರಿಮೂತ್ರ, ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲು. “ಇವರು ನೀರೇ ಕುಡಿಯಂಗಿಲ್ಲ,” ಎಂದು ಡಾಕ್ಟರು ಎಲ್ಲರೆದುರು ಹೇಳಿಬಿಟ್ಟರು. ಮಿಲ್ಲಿನ ಕಣ್ಣುಗಳೆಲ್ಲ ಚಾಂದಪಾಶಾನ ಕಡೆ ಹೊರಳಿದವು. ಸೃಷ್ಟಿ ಕೂಡಲೇ ಆಫೀಸಿನಿಂದ ತಣ್ಣೀರಿನ ಮಷೀನು, ಶೆಡ್ಡಿನ ತನಕ ನಳದ ಪೈಪು ಮಂಜೂರು ಮಾಡಿಸಿದಳು. “ನಿಮ್ಮ ಹೆಗಲೂ ಉಳೀತದ ಕಾಕಾ,” ಎಂದಳು. ಹೆಗಲು ಮೊದಲೇ ಹಿಡಿದುಕೊಂಡಿತ್ತು. ಅಂಗಿ ತೊಡಲೂ ಅವನು ಹಲ್ಲು ಕಚ್ಚುತ್ತಿದ್ದ. ಆದರೂ ಆ ಮಾತು ಅವನಿಗೆ ಸಮಾಧಾನ ಕೊಡಲಿಲ್ಲ. ಪಖಾಲಿಯವರ ನೀರು ಜನ ಕುಡಿಯಲೊಲ್ಲರು ಎಂಬ ಹೆಸರು ತನ್ನ ಕಾಲಕ್ಕೆ ಬರಬೇಕೆ?

ಕಮಲಾಪುರದ ಸಂತೆಯಿಂದ ಹೊಸ ಹರವಿ ತಂದ. ನೀರಿಗೆ ಖಸ್, ಅಂದರೆ ಲಾವಂಚದ ಬೇರು ಹಾಕಿ ಘಮಘಮಿಸುವಂತೆ ಮಾಡಿದ. ಶೆಡ್ಡಿನ ಹಿರಿಯಳು ಶಿವಕಾಂತಮ್ಮನಿಗೆ ತಾನೇ ಚರಗಿ ತುಂಬಿ ಕೊಟ್ಟ.

“ಹ್ಯಾಂಗ ಅದಾವ್ರೀ ಅಕ್ಕೋರ, ನೀರು?”

“ಅಮೃತ ಆಗ್ಯಾವ ಪಾಶಾ,” ಎಂದಳು ಆಕೆ. ಎಂದವಳು ತುಟಿ ತೋಯುವಷ್ಟು ಕುಡಿದು ಚರಗಿ ಕೆಳಗಿಟ್ಟಳು.

ಅದನ್ನು ಕಂಡು ಅವನೆದೆಯಲ್ಲಿ ಮುಳ್ಳು ಮುರಿದಂತಾಯಿತು. ನನ್ನ ಕೈ ಮುಟ್ಟಿದ್ದೆಂದೇ? ಅಂಥ ಮಾತು ಮಿಲ್ಲಿನಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. ಆದರೆ ಒಮ್ಮೆ ಹೊಕ್ಕ ಸಂಶಯ ಹೊರಬೀಳಲಿಲ್ಲ. ಮನೆಗೆ ಬಂದವನು ರೊಟ್ಟಿ ಮುಂದಿಟ್ಟುಕೊಂಡು ತುಂಡೂ ಮುರಿಯದೆ ಕೂತ.

“ಕೈಕು ಜೀ, ಮೂಂ ಫುಲಾಲೇಕೆ ಬೈಠೆ?” ಮುಖ ಯಾಕೆ ಊದಿಸಿಕೊಂಡಿರಿ ಎಂದು ಹೆಂಡತಿ ಗೌಸಿಯಾ ಕೆಣಕಿದಳು. ಅವನು ಎಲ್ಲವನ್ನೂ ಹೇಳಿದ.

“ನಾಳಿ ಬುತ್ತಿ ಮನ್ಯಾಗೇ ಬಿಟ್ಟು ಹೋಗ್ರಿ,” ಎಂದಳು ಗೌಸಿಯಾ. “ಕೊಡೋ ನೆವದಾಗ ನಾ ಬರ್ತೀನಿ.”

ಬಂದವಳು ಗಂಡನ ಕೈಗೆ ಬುತ್ತಿ ಕೊಟ್ಟು ನೇರ ಶೆಡ್ಡಿಗೆ ನಡೆದಳು. ಹೆಂಗಸರ ನಡುವೆ ಕೂತು, ಅವರೊಂದಿಗೇ ಬೇಳೆ ಆರಿಸುತ್ತ ಸಂಜೆಯವರೆಗೆ ಹರಟಿದಳು. ಊರಿಗೆ ಮರಳುವ ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿ ನಗತೊಡಗಿದಳು.

“ನಿಮ್ಮ ನೀರಿಗೂ ಏನಾಗಿಲ್ಲ, ನಿಮ್ಮ ಕೈಗೂ ಏನಾಗಿಲ್ಲ. ಕುಡದ ಮ್ಯಾಲ ಹೋಗೋದೆಲ್ಲಿ? ಸಂಡಾಸ ಅಂಗಳದ ಆ ಕಡಿ ಅದ. ಅದರ ಬಾಗಿಲಿಗೇ ಲಾರಿಯವರು ಇಸ್ಪೀಟ ಆಡ್ಕೋತ ಕೂಡ್ತಾರ. ಒಳಗ ಚಿಲಕಿಲ್ಲ. ಒಬ್ಬಾಕಿ ಹೋದ್ರ ಇನ್ನೊಬ್ಬಾಕಿ ಹೊರಗ ಬಾಗಿಲ ಹಿಡದು ನಿಲ್ಲಬೇಕು. ಅದಕ್ಕೇ ಪಾಪ, ಮುಂಜಾನಿಂದ ಗಂಟಲ ಒಣಗಿಸಿಕೊಂಡು ಕೂಡ್ತಾರ.”

“ನನಗೊಂದು ಮಾತು ಹೇಳಬಾರದಾಗಿತ್ತ?”

“ಗಡ್ಡದ ಗಂಡಸಿಗಿ ಇದನ್ನ ಹ್ಯಾಂಗ ಹೇಳ್ತಾರ್ರೀ? ಹರವಿ ಬದಲಿ ಮಾಡಿದ್ರಂತ, ಬೇರು ಹಾಕಿದ್ರಂತ. ಪಾಶಾ ಕಾಕಾಗ ಏನಾಗ್ಯಾದ ಅಂತ ಅವರೇ ನನಗ ಕೇಳಾಕತ್ತಿದ್ರು!”

ಮರುದಿನ ಚಾಂದಪಾಶಾ ಆಫೀಸಿಗೆ ಹೋಗಿ ಸೃಷ್ಟಿಯ ಮೇಜಿನ ಮುಂದೆ ನಿಂತ. ಅವಳ ಮುಖ ನೋಡಲಾಗದೆ ಮೇಲೆ ತಿರುಗುವ ಫ್ಯಾನಿಗೇ ಹೇಳಿದ:

“ನೀರು ಒಳಗ ಹೋಗೋದರ ಬಗ್ಗಿ ನಾವೆಲ್ಲಾ ಭಾಳ ಮಾತಾಡೀವಿ ಬೇಟಾ. ಹೊರಗ ಹೋಗೋದರ ಬಗ್ಗಿ ಯಾರೂ ಮಾತಾಡಿಲ್ಲ.”

ಉಳಿದದ್ದನ್ನು ತಡವರಿಸುತ್ತಲೇ ತಿಳಿಸಿದ. ಸೃಷ್ಟಿ ಮುಂದಿದ್ದ ಮಷೀನಿನ ಕಾಗದಗಳನ್ನು ಪಕ್ಕಕ್ಕೆ ಸರಿಸಿದಳು. “ನಾನೂ ಮಿಲ್ಲಿಗಿ ಬಂದಾಗೆಲ್ಲಾ ನೀರು ಕುಡಿಯಂಗಿಲ್ಲ ಕಾಕಾ,” ಎಂದಳು ಮೆಲ್ಲಗೆ. “ನಂದೇ ನನಗ ಹೊಳೀಲಿಲ್ಲ ನೋಡ್ರಿ. ಆದರ ಈ ವರ್ಷದ ರೊಕ್ಕ ಎಲ್ಲಾ ಮಷೀನಿಗಿ ಇಟ್ಟೀನಿ.”

“ಮಷೀನ ಬ್ಯಾಡ. ಶೆಡ್ಡಿನ ಹಿತ್ತಲಾಗ ಚಿಲಕಿರೋ ಸಂಡಾಸ ಕಟ್ಟಸು.”

“ಮತ್ತ ನಿಮ್ಮ ಹೆಗಲು?”

“ಅದು ನಂದು. ನಾ ನೋಡ್ಕೋತೀನಿ.”

ಆಫೀಸಿನವರು ಕೊಸರಾಡಿದರು, ಸೃಷ್ಟಿ ಬಿಡಲಿಲ್ಲ. ಬೇಸಿಗೆ ಏರುವ ಮೊದಲೇ ಶೆಡ್ಡಿನ ಹಿಂದೆ ಗಟ್ಟಿ ಬಾಗಿಲಿನ, ಗಟ್ಟಿ ಚಿಲಕದ ಸಂಡಾಸಗಳೆದ್ದವು. ಒಳಗೆ ಬಕೆಟ್ಟು, ಕುಡಿಯಲು ಬಾರದ ಸವಳು ನೀರಿನ ನಳ, ದೀಪ. ಶಿವಕಾಂತಮ್ಮ ಮೊದಲ ಸಲ ಚರಗಿ ಎತ್ತಿ ಕಡೆಯ ಹನಿಯವರೆಗೂ ಕುಡಿದು ‘ಹಾ’ ಎಂದಾಗ ಚಾಂದಪಾಶಾ ಮುಖ ಆ ಕಡೆ ತಿರುಗಿಸಿಕೊಂಡ.

ಈಗ ಶೆಡ್ಡಿನ ಹರವಿಗಳು ಮಧ್ಯಾಹ್ನದೊಳಗೆ ಬರಿದಾಗುತ್ತವೆ. ಕೊಡ ಇಳಿಸುವಾಗ ಅವನು ಹೆಗಲು ಹಿಡಿದು ನಿಂತದ್ದನ್ನು ಒಂದು ದಿನ ಸೃಷ್ಟಿ ಕಂಡಳು. ಸಹಾಯಕ್ಕೊಬ್ಬ ಆಳು, ಇಲ್ಲವಾದರೆ ತಳ್ಳುವ ಗಾಡಿ, ಹೆಗಲಿಗೆ ಡಾಕ್ಟರು, ಎಲ್ಲವನ್ನೂ ವೆಲ್‌ನೆಸ್‌ನಲ್ಲೇ ಕೊಡಿಸುತ್ತೇನೆಂದಳು.

“ಬ್ಯಾಡ ಬೇಟಾ, ಏನೂ ಬ್ಯಾಡ. ಹೊತ್ತು ತಂದ ನೀರ ಸಂಜಿಗಿ ಚೆಲ್ಲತಿದ್ದೆ ನೋಡು, ಆವಾಗ ನೋವಿತ್ತು. ಈಗಿನ ನೋವಿಗಿ ಗೌಸಿಯಾ ಎಣ್ಣಿ ತಿಕ್ಕತಾಳ, ಸಾಕು. ಸರಿ, ದಾರಿ ಬಿಡು. ಅಕ್ಕೋರು ಚರಗಿ ಹಿಡಕೊಂಡು ನಿಂತಾರ.”