ಲಾಳದ ಮೆಟ್ಟಿಲಿದ್ದ ಜೀಪು

ಗಂಗಾವತಿಯಲ್ಲಿ ಕನಕಗಿರಿ ರಸ್ತೆಯ ಪಕ್ಕ ಗಾಳೆಪ್ಪನ ಗ್ಯಾರೇಜಿದೆ. ಹಳೇ ಜೀಪು, ಅಂಬಾಸಿಡರ್, ಮೆಟಡೋರ್ ಯಾವುದನ್ನೇ ತಂದುಕೊಟ್ಟರೂ ಅದರ ಮುಖ ಕೆಡಿಸದೆ, ಒಳಗೆ ಹೊಸ ಎಂಜಿನ್, ಪವರ್ ಸ್ಟೇರಿಂಗ್ ಕೂಡಿಸಿ ಓಡಿಸಿ ತೋರಿಸುತ್ತಾನೆಂದು ಸುತ್ತಮುತ್ತ ಹೆಸರು. ಮಾತು ಕಡಿಮೆಯ ಮನುಷ್ಯ. ಅಪ್ಪನ ಸುದ್ದಿ ಎತ್ತಿದರಂತೂ ಎದ್ದು ಹೋಗಿಬಿಡುತ್ತಿದ್ದ.

ಅಪ್ಪ ಪಂಪಾಪತಿ ಗಂಗಾವತಿಗೂ ತಾವರಗೇರಾಕ್ಕೂ ನಡುವೆ ಜನರನ್ನು ಹೇರಿಕೊಂಡು ಜೀಪು ಓಡಿಸುತ್ತಿದ್ದವನು. ಗಾಳೆಪ್ಪ ಎರಡನೇ ಇಯತ್ತೆಯಲ್ಲಿ ಓದುತ್ತಿದ್ದಾಗ, ಒಂದು ಮಳೆಯ ದಿನ, ಜೀಪು ತೆಗೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಅದೇ ದಿನ ತಾವರಗೇರಾದ ಹೊಳಿಯಮ್ಮ ಎಂಬ ಹರೆಯದ ಹೆಂಗಸು ಊರು ಬಿಟ್ಟಿದ್ದಳು. ಆಕೆ ಪಂಪಾಪತಿಯ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತದ್ದನ್ನು ಕಂಡವರಿದ್ದರು. ಊರಿಗೆ ಅಷ್ಟು ಸಾಕಾಯಿತು. ಇಬ್ಬರೂ ಸೊಲ್ಲಾಪುರಕ್ಕೆ ಓಡಿಹೋದರು ಎಂದು ಮಾತಾಯಿತು, ಮಾತು ನಿಜವಾಯಿತು. ದೂರು ಕೊಡಲು ಹೋದ ಹೆಂಡತಿ ಫಕೀರಮ್ಮನಿಗೆ ಠಾಣೆಯಲ್ಲೂ, ಹುಚ್ಚು ಇಳಿದ ಮೇಲೆ ತಾನೇ ಬರುತ್ತಾನೆ ಎಂದು ನಕ್ಕು ಕಳಿಸಿದರು.

ಫಕೀರಮ್ಮ ಅಕ್ಕಿ ಮಿಲ್ಲಿನ ಕಣದಲ್ಲಿ ಭತ್ತ ಹರವಿ ಮಗನನ್ನು ಸಾಕಿದಳು. ಹಣೆಯ ಕುಂಕುಮ ಅಳಿಸಲಿಲ್ಲ, ಹಸಿರು ಬಳೆ ತೆಗೆಯಲಿಲ್ಲ. ಗಂಡ ಎಲ್ಲಿಯೇ ಇರಲಿ, ಯಾರ ಜೊತೆಗೇ ಇರಲಿ, ಜೀವಂತ ಇದ್ದಾನಲ್ಲ. ಓಡಿಹೋದವನ ಹೆಸರಿಗೆ ಇಷ್ಟೊಂದು ಸಿಂಗಾರವೇ ಎಂದು ಓಣಿಯ ಹೆಂಗಸರು ಆಡಿಕೊಂಡರೂ ಕೇಳಿಸದಂತಿದ್ದಳು. ಗಾಳೆಪ್ಪನಿಗೆ ಮಾತ್ರ ಆ ಬಳೆಯ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. ತನ್ನ ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರು ಹಾಕಿಸಬೇಡ ಎಂದು ಹಟ ಹಿಡಿದು, ಅವ್ವ ಅತ್ತರೂ ಬಗ್ಗದೆ, ಹಾಗೆಯೇ ಮದುವೆಯಾದ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಕುಷ್ಟಗಿಯ ಟೈರ್ ಅಂಗಡಿಯ ಯೂಸುಫ ಲಾರಿಯ ಮೇಲೆ ಒಂದು ಜೀಪು ಹೇರಿಸಿಕೊಂಡು ಬಂದ. ಜೀಪು ಅಂದರೆ ಬರೀ ತೊಟ್ಟಿ ಮತ್ತು ಚಾಸಿ. ಎಂಜಿನ್ ತುಕ್ಕು ಹಿಡಿದು ಒಂದೇ ಗಡ್ಡೆಯಾಗಿತ್ತು. ಸೀಟಿನ ಕಂಬಿಗಳಷ್ಟೇ ಉಳಿದಿದ್ದವು, ಮೈತುಂಬ ಗಾರೆಯಂತೆ ಗಟ್ಟಿಯಾದ ಕೆಸರು. ಗುಜರಿಯಲ್ಲಿ ಕಂಡು ಮನಸ್ಸು ತಡೆಯಲಿಲ್ಲ ಎಂದ ಯೂಸುಫ. ನೋಡಲು ಹಳೇ ಜೀಪೇ ಆಗಿರಬೇಕು, ಓಡಿಸಲು ಹೊಸ ಕಾರಿನಂತಿರಬೇಕು, ತನ್ನ ಹೆಂಡತಿ ಮುಬಾಶಿರಾ ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುವಂತಿರಬೇಕು ಎಂಬುದು ಅವನ ಆಸೆ. ಗಾಳೆಪ್ಪ ಸುತ್ತಿಗೆಯಿಂದ ಚಾಸಿಯನ್ನು ತಟ್ಟಿ ಕೇಳಿದ. ಸದ್ದು ಗಟ್ಟಿಯಾಗಿತ್ತು. ಒಪ್ಪಿಕೊಂಡ.

ಅಪಘಾತವಾದ ಬೊಲೆರೊ ಒಂದರ ಎಂಜಿನ್ ಗೊತ್ತು ಮಾಡಿ, ಅದನ್ನು ಕೂಡಿಸುವ ಜಾಗಕ್ಕೆ ಅಳತೆ ತೆಗೆದು, ಕೆಸರು ಕೆರೆಯತೊಡಗಿದ. ಬಲಗಡೆಯದೆಲ್ಲ ಮುಗಿದಿತ್ತು. ಎಡಗಡೆ, ಹತ್ತುವ ಜಾಗದ ಕೆಳಗೆ, ಒಂದು ದಪ್ಪ ಗಂಟು. ಗ್ರೈಂಡರಿಗೆ ತಂತಿ ಬ್ರಶ್ ಹಾಕಿ ಹಿಡಿದ. ಮಣ್ಣು ಉದುರಿತು, ತುಕ್ಕು ಹಾರಿತು, ಒಳಗಿಂದ ಬಾಗಿದ ಕಬ್ಬಿಣವೊಂದು ಮೂಡಿತು. ಕುದುರೆಯ ಲಾಳ. ಜೀಪಿನ ಮೈಗೆ ಬೆಸುಗೆ ಹಾಕಿ ಮೆಟ್ಟಿಲು ಮಾಡಿದ ಲಾಳ.

ಗಾಳೆಪ್ಪನ ಅಜ್ಜ ಗಂಗಾವತಿಯಲ್ಲಿ ಟಾಂಗಾ ಹೊಡೆಯುತ್ತಿದ್ದ. ಕುದುರೆ ಸತ್ತಾಗ ಪಂಪಾಪತಿ ಅದರ ಒಂದು ಲಾಳ ಎತ್ತಿಟ್ಟುಕೊಂಡಿದ್ದ. ಮಗನ ಕಾಲು ಜೀಪಿಗೆ ಎಟುಕುತ್ತಿಲ್ಲವೆಂದು ಅದನ್ನು ಎಡಗಡೆ ಬೆಸುಗೆ ಹಾಕಿಸಿದ್ದ. ಅದರೊಳಗೆ ಹೆಬ್ಬೆರಳು ತೂರಿಸಿ ಮೇಲೆ ಹಾರಿ ಕೂರುತ್ತಿದ್ದುದು ಗಾಳೆಪ್ಪನಿಗೆ ನೆನಪಿತ್ತು. ನೆನಪಿದೆ ಎಂದು ಅಲ್ಲಿಯವರೆಗೆ ಅವನಿಗೇ ಗೊತ್ತಿರಲಿಲ್ಲ. ಗ್ರೈಂಡರು ಕೈಯಿಂದ ಜಾರಿ ನೆಲದ ಮೇಲೆ ತಿರುಗುತ್ತ ಬಿದ್ದಿತ್ತು. ಎಷ್ಟು ಹೊತ್ತು ಹಾಗೇ ಕುಕ್ಕರುಗಾಲಲ್ಲಿ ಕೂತಿದ್ದನೋ, ಪಕ್ಕದ ಚಹಾದಂಗಡಿಯವನು ಓಡಿಬಂದು ಸ್ವಿಚ್ ತೆಗೆದ.

ಮೊದಲು ಬಂದದ್ದು ಸಿಟ್ಟು. ಹಾಗಾದರೆ ಅಪ್ಪ ಜೀಪು ಮಾರಿಕೊಂಡು ಇಲ್ಲೇ ಎಲ್ಲೋ ಇದ್ದಾನೆ. ಯೂಸುಫನಿಗೆ ಫೋನ್ ಹಚ್ಚಿ, ಗುಜರಿಗೆ ಇದು ಎಲ್ಲಿಂದ ಬಂತು ಎಂದು ಕೇಳಿದ. ಯೂಸುಫ ವಿಚಾರಿಸಿ ಸ್ವಲ್ಪ ಹೊತ್ತಿಗೆ ತಿರುಗಿ ಫೋನ್ ಮಾಡಿದ.

“ಗಾಳೆಪ್ಪಣ್ಣ, ಇದು ಯಾರ ಮನ್ಯಾಗಿಂದೂ ಬಂದಿದ್ದಲ್ಲಂತ. ಕುಷ್ಟಗಿಯಿಂದ ತಾವರಗೇರಾಕ್ಕ ಬರೋ ರಸ್ತಾದಾಗ ಒಂದು ಹಳೇ ಕಲ್ಲಿನ ಕ್ವಾರಿ ಐತೆಲ್ಲ, ಮತ್ತ ಚಾಲೂ ಮಾಡಾಕಂತ ಅದರ ನೀರು ಹೊಡೆದು ಖಾಲಿ ಮಾಡ್ಯಾರ. ತಳದಾಗ ಸಿಕ್ಕೈತಿ.”

ಗಾಳೆಪ್ಪ ಇಪ್ಪತ್ತೆಂಟು ವರ್ಷ ಸಾಕಿಕೊಂಡು ಬಂದ ಸಿಟ್ಟು ಕಾಲ ಕೆಳಗಿನ ನೆಲದಂತೆ ಕುಸಿಯಿತು. ಅದರ ಜಾಗದಲ್ಲಿ ಏನಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಗಾಳೆಪ್ಪ, ಯೂಸುಫ ಇಬ್ಬರೂ ಕ್ವಾರಿಗೆ ಹೋದರು. ಕೆಂಪು ಕಲ್ಲಿನ ಆಳವಾದ ಹೊಂಡ, ಅದರ ಅಂಚಿಗೇ ಹಾಯ್ದು ಇಳಿದು ಹೋದ ಹಳೇ ಗಾಡಿದಾರಿ, ಆಗ ಇದ್ದ ರಸ್ತೆ ಅದೇ. ಕಾವಲುಗಾರ ವಿರುಪಣ್ಣ ಎಂಬ ಮುದುಕ ಬೀಡಿ ಸೇದುತ್ತ ಕುಳಿತಿದ್ದ. ಜೀಪಿನ ಮಾತೆತ್ತಿದ ಕೂಡಲೇ ಬೀಡಿ ಆರಿಸಿದ. ಗಾಳೆಪ್ಪ, ಅದು ನಮ್ಮಪ್ಪನ ಗಾಡಿ ಎಂದ. ಮುದುಕ ಎದ್ದು, ಹಿಂದೆ ಬಾ ಎಂಬಂತೆ ಕೈಮಾಡಿ ಹೊಂಡದ ಆಚೆಗಿದ್ದ ಬನ್ನಿಮರದ ಕಡೆ ನಡೆದ. ಮರದ ಕೆಳಗೆ ಮೂರು ಕಲ್ಲು ನಿಲ್ಲಿಸಿದ್ದರು.

“ತಮ್ಮಾ, ಸ್ಟೇರಿಂಗ್ ಹಿಂದ ಕೆಸರಿನ್ಯಾಗ ಎಲಬು ಇದ್ದೂವು,” ಎಂದ ವಿರುಪಣ್ಣ. “ಪೊಲೀಸರಿಗೆ ಹೇಳಿದ್ರ ಕೆಲಸ ನಿಂದರತೈತಿ, ಎಲ್ಲಾದ್ರೂ ಒಗೀರಿ ಅಂದ ಗುತ್ತಿಗೆದಾರ. ನನಗ ಒಗ್ಯಾಕ ಮನಸಾಗಲಿಲ್ಲ. ಇಲ್ಲಿ ಮಣ್ಣು ಮಾಡೀನಿ. ಯಾರವೋ ಏನೋ ಅಂತ ದಿನಾ ಒಂದು ಚರಿಗಿ ನೀರು ಹಾಕತೀನಿ.”

ಒಬ್ಬರವೋ ಇಬ್ಬರವೋ ಎಂದು ಯೂಸುಫ ಮೆಲ್ಲಗೆ ಕೇಳಿದ. ಒಬ್ಬರವೇ ಎಂದ ಮುದುಕ. ಗಾಳೆಪ್ಪ ಕಲ್ಲುಗಳ ಮುಂದೆ ನಿಂತೇ ಇದ್ದ. ಅಳು ಬರಲಿಲ್ಲ. ಲಗ್ನಪತ್ರಿಕೆ ಅಚ್ಚಾಗುವಾಗ ಅಪ್ಪ ಇಲ್ಲಿ ನೀರಿನ ತಳದಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮನೆಗೆ ಬಂದು ಅವ್ವನಿಗೆ ಹೇಗೆ ಹೇಳಿದನೋ ಅವನಿಗೇ ನೆನಪಿಲ್ಲ. ಫಕೀರಮ್ಮ ಕೇಳಿ ಮುಗಿಸಿದವಳು ಸೀದಾ ಗ್ಯಾರೇಜಿಗೆ ಹೋಗಿ, ಲಾಳದ ಮೆಟ್ಟಿಲಿಗೆ ಕೈ ಹಚ್ಚಿ ನೋಡಿ, ಅಲ್ಲೇ ಎಣ್ಣೆ ಚೆಲ್ಲಿದ ನೆಲದ ಮೇಲೆ ಕುಳಿತುಬಿಟ್ಟಳು.

“ಓಡಿ ಹೋಗಿರಲಿಲ್ಲೇನು,” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಅಂದಳು. ಸೊಸೆ ಸುಕನ್ಯಾ ಬಂದು ಎಬ್ಬಿಸುವವರೆಗೂ ಆಕೆಯ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಪೊಲೀಸರು ಬಂದರು. ಬನ್ನಿಮರದ ಕೆಳಗೆ ಅಗೆದರು, ಜೀಪನ್ನೂ ವಶಕ್ಕೆ ಪಡೆದರು, ಗಾಳೆಪ್ಪನ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಗುತ್ತಿಗೆದಾರನ ಮೇಲೆ ಕೇಸಾಯಿತು, ಅದು ಇನ್ನೂ ನಡೆದಿದೆ. ಎಲುಬು ಪಂಪಾಪತಿಯವೇ ಎಂದು ಗೊತ್ತಾಗುವಷ್ಟರಲ್ಲಿ ಮಳೆಗಾಲ ಕಳೆದು ಚಳಿ ಬಂದಿತ್ತು. ಮಣ್ಣು ಮಾಡಿ ಬಂದ ದಿನ ಓಣಿಯ ಹೆಂಗಸರು ಬಳೆ ಒಡೆಯಲು ಬಂದು ನಿಂತರು. ಫಕೀರಮ್ಮ ಯಾರಿಗೂ ಕೈ ಕೊಡಲಿಲ್ಲ. ಇವನ್ನು ನಾನೇ ಹಾಕಿಕೊಂಡಿದ್ದೆ, ನಾನೇ ತೆಗೆಯುತ್ತೇನೆ ಎಂದು ಹೇಳಿ ಬಚ್ಚಲಿಗೆ ಹೋಗಿ, ಸೋಪಿನ ನೀರು ಹಚ್ಚಿ, ಒಂದೂ ಒಡೆಯದಂತೆ ತೆಗೆದಿಟ್ಟು ಹೊರಗೆ ಬಂದಳು. ಬಂದ ಹೆಂಗಸರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಜೀಪು ಠಾಣೆಯಿಂದ ಬಿಡುಗಡೆಯಾಗಿ ಬಂದರೂ ಗಾಳೆಪ್ಪನಿಗೆ ಅದನ್ನು ಮುಟ್ಟಲಾಗಲಿಲ್ಲ. ತಾಡಪತ್ರಿ ಹೊದಿಸಿ ಮೂಲೆಗೆ ತಳ್ಳಿದ. ಬೇಕಿದ್ದರೆ ನೀವೇ ಇಟ್ಟುಕೊಳ್ಳಿ, ನಾನು ಕೇಳುವುದಿಲ್ಲ ಎಂದ ಯೂಸುಫ. ಅದಕ್ಕೆ ಒಪ್ಪದವಳು ಫಕೀರಮ್ಮ. ಮನೆಯಲ್ಲಿ ನಿಲ್ಲಿಸಿ ಪೂಜೆ ಮಾಡುವುದು ಬೇಡ, ಗಾಡಿ ಅಂದ ಮೇಲೆ ಓಡಬೇಕು, ಮಾತು ಕೊಟ್ಟವರಿಗೆ ಜೋಡಿಸಿ ಕೊಡು ಎಂದಳು.

ಹಾಗೆ ಮತ್ತೆ ಬಿಚ್ಚಲು ಕೂತಾಗ ಇನ್ನೊಂದು ಕಣ್ಣಿಗೆ ಬಿತ್ತು. ಮುಂದಿನ ಚಕ್ರಗಳಿಗೆ ಹೋಗುವ ತಾಮ್ರದ ಬ್ರೇಕ್ ಪೈಪನ್ನು ಯಾರೋ ಇಕ್ಕಳದಿಂದ ಒತ್ತಿ, ಮಡಚಿ, ಬಾಯಿ ಮುಚ್ಚಿದ್ದರು. ಪೈಪು ಸೋರಿದರೆ ರಿಪೇರಿಗೆ ನಿಲ್ಲದೆ ಟ್ರಿಪ್ ಹೊಡೆಯಲು ಆಗಿನ ಡ್ರೈವರುಗಳು ಮಾಡಿಕೊಳ್ಳುತ್ತಿದ್ದ ಉಪಾಯವದು. ಮುಂದೆ ಬ್ರೇಕೇ ಇಲ್ಲದ ಗಾಡಿ, ಮಳೆ, ಕ್ವಾರಿಯ ಇಳಿಜಾರಿನ ತಿರುವು. ಗಾಳೆಪ್ಪ ಆ ಪೈಪಿನ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಇಷ್ಟು ಸಣ್ಣದಕ್ಕೆ, ಬರೀ ಇಷ್ಟಕ್ಕೆ.

ಅಲ್ಲಿಂದ ಮುಂದೆ ಅವನ ಕೆಲಸದ ಪರಿಯೇ ಬೇರೆಯಾಯಿತು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೂಡಿಸಿದ. ಒಂದು ಪೈಪು ಕೆಟ್ಟರೆ ಇನ್ನೊಂದು ಹಿಡಿಯುವಂತೆ ಹಿಂದಕ್ಕೂ ಮುಂದಕ್ಕೂ ಬೇರೆ ಬೇರೆ ಪೈಪು ಎಳೆದ. ಬೊಲೆರೊ ಎಂಜಿನ್, ಪವರ್ ಸ್ಟೇರಿಂಗ್, ಸೀಟಿಗೆ ಬೆಲ್ಟು, ತಲೆಯ ಮೇಲೆ ಗಟ್ಟಿ ಕಂಬಿ. ಹೊರಗಿನ ಮುಖ ಮಾತ್ರ ಪಂಪಾಪತಿ ಓಡಿಸುತ್ತಿದ್ದಾಗ ಹೇಗಿತ್ತೋ ಹಾಗೆಯೇ.

ಓಡಿಸಿ ನೋಡುವ ದಿನ ಫಕೀರಮ್ಮ ತಾನೂ ಬರುತ್ತೇನೆಂದಳು. ಎಲ್ಲಿಗೆ ಎಂದರೆ ತಾವರಗೇರಾಕ್ಕೆ. ಹೊಳಿಯಮ್ಮ ತಿರುಗಿ ಬಂದು ಊರ ಹೊರಗೆ ಒಬ್ಬಳೇ ಇದ್ದಾಳೆಂದು ಫಕೀರಮ್ಮನ ಕಿವಿಗೆ ಹಿಂದೆಯೇ ಬಿದ್ದಿತ್ತು. ಗಂಡ ಆಕೆಯನ್ನೂ ಬಿಟ್ಟಿರಬೇಕು ಎಂದುಕೊಂಡು ಒಳಗೊಳಗೇ ಖುಷಿಪಟ್ಟಿದ್ದಳಂತೆ. ಅವ್ವ ಇದನ್ನು ಹೇಳಿದ್ದು ಜೀಪು ಕನಕಗಿರಿ ದಾಟಿದ ಮೇಲೆ.

ಹೊಳಿಯಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಫಕೀರಮ್ಮ ತಾನು ಯಾರೆಂದು ಹೇಳಿದಳು. ಆಕೆ ಮೊರ ಕೆಳಗಿಟ್ಟು ಎದ್ದು ನಿಂತಳು, ಬೈಸಿಕೊಳ್ಳಲು ತಯಾರಾದವಳಂತೆ. ಪಂಪಾಪತಿ ಸತ್ತದ್ದು ಯಾವಾಗ, ಎಲ್ಲಿ ಎಂದು ಫಕೀರಮ್ಮ ಹೇಳಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಟ್ಟೆಗೆ ಒರಗಿದಳು.

“ಯಕ್ಕಾ, ನಾ ಸೊಲ್ಲಾಪುರಕ್ಕ ಮಿಲ್ಲಿನ ಕೆಲಸಕ್ಕ ಹೊಂಟಿದ್ದೆ. ಅಣ್ಣಾರು ಬಡೀತಿದ್ರು ಅಂತ ಹೇಳದ ಹೊಂಟಿದ್ದೆ. ಕುಷ್ಟಗಿ ಬಸ್‌ಸ್ಟ್ಯಾಂಡಿಗೆ ಬಿಡ್ರಿ ಅಂತ ಬೇಡಿಕೊಂಡೆ, ಬಿಟ್ರು, ಹೊಳ್ಳಿ ಹ್ವಾದ್ರು. ನನ್ನ ಬಿಡಾಕ ಬಂದಿರಲಿಲ್ಲಂದ್ರ ಅವರು ಆ ದಾರಿಗೇ ಬರ್ತಿರಲಿಲ್ಲಲ್ಲ.”

ಸೊಲ್ಲಾಪುರದಲ್ಲಿ ಇರುವವರೆಗೂ, ಪಂಪಾಪತಿ ಅಂದೇ ಮನೆ ಸೇರಿದ್ದಾನೆ ಎಂದೇ ಆಕೆ ತಿಳಿದಿದ್ದಳು. ವರ್ಷಗಳ ಮೇಲೆ ಊರಿಗೆ ಬಂದಾಗ ಅಣ್ಣಂದಿರು ಬಾಗಿಲು ತೆರೆಯಲಿಲ್ಲ, ಜನ ಉಗುಳಿದರು. ಮಿಲ್ಲಿನಲ್ಲಿ ದುಡಿದೆ ಎಂದರೆ ಯಾರೂ ನಂಬಲಿಲ್ಲ. ಹೇಳುವುದನ್ನೇ ಬಿಟ್ಟಳು.

ಫಕೀರಮ್ಮ ಏನೋ ಹೇಳಲೆಂದು ಬಂದವಳು. ಅದನ್ನು ಬಿಟ್ಟು ಆಕೆಯ ಕೈ ಹಿಡಿದು ಮನೆಯೊಳಗೆ ನಡೆದಳು. ಇಷ್ಟು ವರ್ಷ ದಿನ ಬೆಳಗಾದರೆ ತಾನು ಶಾಪ ಹಾಕಿದ ಹೆಂಗಸಿನ ಕೈ ಅದು. ಗಾಳೆಪ್ಪ ಹೊರಗೆ ಬೇಲಿಯ ಹತ್ತಿರ ನಿಂತು ಕಾದ. ಒಳಗೆ ಅವರು ಏನು ಮಾತಾಡಿದರೋ ಅವನಿಗೆ ಗೊತ್ತಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವ್ವ ಹೊಳಿಯಮ್ಮನ ರಟ್ಟೆ ಹಿಡಿದು ಹೊರಗೆ ಬಂದಳು. ಜೀಪಿನ ಮುಂದಿನ ಸೀಟು ತೋರಿಸಿ ಆಕೆಯನ್ನು ಹತ್ತಿಸಿ, ತಾನು ಹಿಂದೆ ಹತ್ತಿದಳು.

“ಸೀದಾ ಊರಾಗ ಹೊಡಿಯಪ್ಪಾ,” ಎಂದಳು. “ಸಾವಕಾಶ ಹೊಡಿ. ಎಲ್ಲಾರೂ ನೋಡ್ಲಿ.”

ಗಾಳೆಪ್ಪ ತಿರುಗಿ ಅವ್ವನ ಮುಖ ನೋಡಿದ. ಆಮೇಲೆ ಗೇರು ಹಾಕಿದ. ಅಂಗಡಿ ಸಾಲಿನಲ್ಲಿ ಜನ ಎದ್ದು ನಿಂತರು. ಒಬ್ಬ ಮುದುಕ ಜೀಪನ್ನು ಗುರುತಿಸಿ, ಮುಂದೆ ಕೂತವಳನ್ನು ಗುರುತಿಸಿ, ಹಿಂದೆ ಕೂತವಳು ಯಾರೆಂದು ಪಕ್ಕದವನನ್ನು ಕೇಳಿದ. ಫಕೀರಮ್ಮ ಗಾಡಿ ನಿಲ್ಲಿಸಲು ಹೇಳಿ, ತಾನು ಯಾರು, ಆ ದಿನ ನಡೆದದ್ದೇನು ಎಂದು ತಾನೇ ಹೇಳಲು ಕೆಳಗಿಳಿದು ಅವನ ಕಡೆ ನಡೆದಳು.